ತೂಕ ಜಾಸ್ತಿ ಇದೆ, ಈಗ ಬಸಿರು: ಮೊದಲ ಮೂರು ತಿಂಗಳು ಏನು ಮಾಡಬೇಕು?

“ಮೊದಲು ಹತ್ತು ಕೆಜಿ ಇಳಿಸಿಕೊಳ್ಳಿ, ಆಮೇಲೆ ಮಗುವಿನ ಯೋಚನೆ ಮಾಡೋಣ” ಎಂದು ಡಾಕ್ಟರು ಹೇಳಿರುತ್ತಾರೆ. ಇಳಿಸುವಷ್ಟರಲ್ಲೇ ಮುಟ್ಟು ನಿಲ್ಲುತ್ತದೆ. ಕಾರ್ಡಿನಲ್ಲಿ ಎರಡು ಗೆರೆ. ಖುಷಿ ಪಡಬೇಕೋ, ಹೆದರಬೇಕೋ ಗೊತ್ತಾಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಹುಡುಕಲು ಕೂತರೆ ಗರ್ಭಪಾತ, ಸಕ್ಕರೆ, ಬಿಪಿ, ಸಿಸೇರಿಯನ್ ಅನ್ನುವ ಮಾತುಗಳೇ ಒಂದರ ಹಿಂದೆ ಒಂದು ಬರುತ್ತವೆ.

ಇಂಥವರು ಒಬ್ಬಿಬ್ಬರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಹೀಗೆ ತೂಕ ಜಾಸ್ತಿ ಇರುವ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಕೆಲವು ಅಪಾಯಗಳು ಹೆಚ್ಚು ಅನ್ನುವುದೂ ನಿಜ. ಆದರೆ ಮೊದಲ ಹನ್ನೆರಡು ವಾರ ತೂಕ ಇಳಿಸುವ ಕಾಲವಲ್ಲ. ಆ ತೂಕಕ್ಕೆ ತಕ್ಕ ಮಾತ್ರೆ, ಪರೀಕ್ಷೆ, ಸ್ಕ್ಯಾನ್ ಸರಿಯಾದ ಹೊತ್ತಿಗೆ ಆಗುವಂತೆ ನೋಡಿಕೊಳ್ಳುವ ಕಾಲ. ಅದನ್ನೇ ಒಂದೊಂದಾಗಿ ಇಲ್ಲಿ ಬರೆದಿದ್ದೇನೆ. ನಿಮ್ಮ ಡಾಕ್ಟರ ಜೊತೆ ಮಾತಾಡಲು ಇದನ್ನು ಬಳಸಿಕೊಳ್ಳಿ. ಮಾತ್ರೆಯ ವಿಷಯದಲ್ಲಿ ಮಾತ್ರ ಅವರದ್ದೇ ಕೊನೆಯ ಮಾತು.

ಹೆಜ್ಜೆ 1: ಫೋಲಿಕ್ ಆ್ಯಸಿಡ್ ಇವತ್ತೇ ಶುರು ಮಾಡಿ

ಇದು ಮೊದಲ ಚೆಕಪ್‌ವರೆಗೂ ಕಾಯಬಾರದ ಕೆಲಸ. ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ನಿಮಗೆ ಗೊತ್ತಾಗುವಾಗ ಅದರಲ್ಲಿ ಅರ್ಧದಷ್ಟು ದಿನ ಕಳೆದಿರುತ್ತದೆ. ಆ ನಾಳ ಸರಿಯಾಗಿ ಮುಚ್ಚಲು ಫೋಲಿಕ್ ಆ್ಯಸಿಡ್ ಬೇಕು.

ಎಲ್ಲ ಗರ್ಭಿಣಿಯರಿಗೂ ಮೊದಲ ಮೂರು ತಿಂಗಳಿಗೆ ಹೇಳುವ ಅಳತೆ ದಿನಕ್ಕೆ 400 ಮೈಕ್ರೋಗ್ರಾಂ. ತೂಕ ತುಂಬಾ ಜಾಸ್ತಿ ಇರುವವರಿಗೆ ಅನೇಕ ಡಾಕ್ಟರುಗಳು 5 ಮಿಲಿಗ್ರಾಂ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದವರಿಗೂ ಹಾಗೆಯೇ. ಎರಡೂ ಅಂಗಡಿಯಲ್ಲಿ ಸಿಗುತ್ತವೆ, ನೋಡಲು ಎರಡೂ ಪುಟ್ಟ ಮಾತ್ರೆಗಳೇ. ಹಾಗಾಗಿ ಮಾತ್ರೆಯ ಸ್ಟ್ರಿಪ್ ಹಿಂದೆ ಬರೆದ ಅಳತೆ ಓದಿ, “ನನಗೆ ಯಾವುದು?” ಎಂದು ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಇಷ್ಟು ದಿನ ತಗೊಂಡಿಲ್ಲ ಅಂತ ಕೊರಗಬೇಡಿ. ಮಾತ್ರೆಯನ್ನೇ ತಗೊಳ್ಳದೆ ಆರೋಗ್ಯವಂತ ಮಗು ಹೆತ್ತವರೇ ಜಾಸ್ತಿ.

ಇದೇ ಹೊತ್ತಿಗೆ ಮನೆಯಲ್ಲಿರುವ ಬೇರೆ ಮಾತ್ರೆಗಳನ್ನೂ ಹೊರಗೆ ತೆಗೆಯಿರಿ. ಸಣ್ಣ ಆಗಲು ತಗೊಳ್ಳುತ್ತಿದ್ದ ಪುಡಿ, ಕಷಾಯ, ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ. ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಮುಂದಿನ ಡೋಸ್ ಹಾಕಿಸಿಕೊಳ್ಳಬೇಡಿ, ಡಾಕ್ಟರಿಗೆ ತಿಳಿಸಿ. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ಅದೇ ದಿನ ಫೋನ್ ಮಾಡಬೇಕು. ಅವುಗಳಲ್ಲಿ ಕೆಲವು ಬಸಿರಿಗೆ ಆಗುವುದಿಲ್ಲ, ಬದಲಿ ಮಾತ್ರೆ ಕೊಡುತ್ತಾರೆ. ಥೈರಾಯ್ಡ್ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬಸಿರಿನಲ್ಲಿ ಅದರ ಅಳತೆ ಹೆಚ್ಚಿಸಬೇಕಾಗುವುದೇ ಹೆಚ್ಚು. ಪಿಸಿಒಎಸ್‌ಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ತಡವಾಗುವ ತೊಂದರೆ) ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸುವುದೂ ಬೇಡ, ಸುಮ್ನೆ ಮುಂದುವರಿಸುವುದೂ ಬೇಡ, ಕೇಳಿ.

ಹೆಜ್ಜೆ 2: ನಿಮ್ಮ ಅಂಕಿಗಳನ್ನು ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್ ಇಡಿ. ಕೊನೆಯ ಮುಟ್ಟಿನ ಮೊದಲ ದಿನ, ಬಸಿರಿಗೆ ಮುಂಚಿನ ತೂಕ, ಎತ್ತರ, ಇಷ್ಟು ಬರೆಯಿರಿ. ಕೆಜಿಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. 155 ಸೆಂಟಿಮೀಟರ್ ಎತ್ತರ, 70 ಕೆಜಿ ತೂಕ ಇದ್ದರೆ ಬಿಎಂಐ ಸುಮಾರು 29.

ಇಲ್ಲೊಂದು ಗೊಂದಲ ಇದೆ. ಬೇರೆ ದೇಶಗಳ ಲೆಕ್ಕದಲ್ಲಿ 25 ದಾಟಿದರೆ ತೂಕ ಜಾಸ್ತಿ, 30 ದಾಟಿದರೆ ಬೊಜ್ಜು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಇಲ್ಲಿನ ಡಾಕ್ಟರುಗಳು 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಬರೆಯುತ್ತಾರೆ. ಚೀಟಿಯಲ್ಲಿ ‘ಒಬೀಸ್’ ಅಂತ ಬರೆದಿದ್ದನ್ನು ನೋಡಿ ಕಂಗಾಲಾದವರನ್ನು ಕಂಡಿದ್ದೇನೆ. ಅವರ ಬಿಎಂಐ 26 ಇತ್ತು. 26ಕ್ಕೂ 38ಕ್ಕೂ ಬಹಳ ಅಂತರ ಇದೆ. ಬಿಎಂಐ ಮೇಲೆ ಹೋದಷ್ಟೂ ಅಪಾಯ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ಒಂದು ಗೆರೆ ದಾಟಿದ ತಕ್ಷಣ ಎಲ್ಲ ಬದಲಾಗುವುದಿಲ್ಲ. ಹಾಗಾಗಿ ನಿಮ್ಮ ಅಂಕಿ ಎಷ್ಟು ಅಂತ ನಿಮಗೆ ಗೊತ್ತಿರಲಿ.

ಹೆಜ್ಜೆ 3: ಹನ್ನೆರಡು ವಾರದೊಳಗೆ ಹೆಸರು ಬರೆಸಿ

“ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು” ಅನ್ನುವುದು ನಮ್ಮಲ್ಲಿ ಬಹಳ ಮನೆಗಳ ಪದ್ಧತಿ. ನೆಂಟರಿಗೆ ಹೇಳಬೇಡಿ, ಪರವಾಗಿಲ್ಲ. ಆಶಾ ಕಾರ್ಯಕರ್ತೆಗೂ ಡಾಕ್ಟರಿಗೂ ಮಾತ್ರ ಹೇಳಲೇಬೇಕು. ಆಶಾ ಮೂಲಕ ಹೆಸರು ಬರೆಸಿದರೆ ತಾಯಿ ಕಾರ್ಡ್ ಸಿಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುವವರೂ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಸರ್ಕಾರದ ನೆರವಿಗೆ ಇದೇ ದಾಖಲೆ ಕೇಳುತ್ತಾರೆ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದದ್ದು. ಅವತ್ತು ಡಾಕ್ಟರೇ ನೋಡುತ್ತಾರೆ. ಮುಖ್ಯವಾಗಿ ನಾಲ್ಕನೇ ತಿಂಗಳಿನಿಂದ ಮುಂದಿನವರಿಗೆ ಇದು ಇರುವುದರಿಂದ ಮೊದಲ ಚೆಕಪ್‌ಗೆ ಅದಕ್ಕಾಗಿ ಕಾಯಬೇಡಿ. ಅಲ್ಲಿ ಕೆಲವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ‘ಹೆಚ್ಚು ಗಮನ ಬೇಕಾದ ಬಸಿರು’ ಎಂದು ಅದರ ಅರ್ಥ. ನಿಮ್ಮ ಕಾರ್ಡಿಗೆ ಅದು ಬಂದರೆ ಅಳಬೇಡಿ. ಆ ಸ್ಟಿಕ್ಕರ್ ಇದ್ದರೆ ತಜ್ಞರ ಹತ್ತಿರ ಕಳಿಸುವುದು, ಮತ್ತೆ ಮತ್ತೆ ವಿಚಾರಿಸುವುದು ಅವರ ಜವಾಬ್ದಾರಿ ಆಗುತ್ತದೆ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಬ್ರಿಟನ್‌ನಲ್ಲಿ 10 ವಾರದೊಳಗೆ ಮಿಡ್‌ವೈಫ್ ಹತ್ತಿರ ಮೊದಲ ಭೇಟಿ ಆಗಬೇಕು. ಅಲ್ಲಿ ನಿಮ್ಮ ಮನೆತನ ದಕ್ಷಿಣ ಏಷ್ಯಾದ್ದು ಎಂದು ಬರೆಸಿ. ಸಕ್ಕರೆ ಪರೀಕ್ಷೆ ಮಾಡಲು ಅಲ್ಲಿ ಅದೂ ಒಂದು ಕಾರಣ.

ಹೆಜ್ಜೆ 4: ಮೊದಲ ಚೆಕಪ್‌ನಲ್ಲಿ ಬಿಪಿ ಪಟ್ಟಿಯ ಕಡೆ ಗಮನ ಕೊಡಿ

ಇದು ಸಣ್ಣ ವಿಷಯ ಅನ್ನಿಸಬಹುದು. ನನಗಂತೂ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಇಲ್ಲಿ ತಪ್ಪಾದರೆ ಮುಂದಿನದ್ದೆಲ್ಲ ತಪ್ಪಾಗುತ್ತದೆ. ನನ್ನ ಚಿಕ್ಕಮ್ಮನ ಮಗಳ ಜೊತೆ ಒಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಪಟ್ಟಿಯ ತುದಿ ಇನ್ನೊಂದು ತುದಿಗೆ ಸರಿಯಾಗಿ ಮುಟ್ಟಲಿಲ್ಲ. ಗಾಳಿ ತುಂಬುತ್ತಿದ್ದ ಹಾಗೆ ಅಂಟು ಚರಚರ ಅಂತ ಬಿಡುತ್ತಿತ್ತು, ಅವರು ಅದನ್ನು ಕೈಯಲ್ಲಿ ಒತ್ತಿ ಹಿಡಿದೇ ನೋಡಿದರು. 150/96 ಬಂತು. ಅವಳ ಮುಖ ಬಿಳಿಚಿತು. ಹೆರಿಗೆ ವಾರ್ಡಿನಿಂದ ದೊಡ್ಡ ಪಟ್ಟಿ ತರಿಸಿ, ಐದು ನಿಮಿಷ ಕೂರಿಸಿ ಮತ್ತೆ ನೋಡಿದಾಗ 126/80.

ತೋಳಿಗೆ ಚಿಕ್ಕದಾದ ಪಟ್ಟಿ ಹಾಕಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೇಲ್ತೋಳಿನ ಸುತ್ತಳತೆ 33 ಸೆಂಟಿಮೀಟರ್ ದಾಟಿದರೆ ದೊಡ್ಡ ಪಟ್ಟಿ ಬೇಕು. ಮನೆಯಲ್ಲೇ ಟೈಲರ್ ಟೇಪಿನಲ್ಲಿ ಅಳೆದುಕೊಂಡು ಹೋಗಿ. “ಸಿಸ್ಟರ್, ನನ್ನ ತೋಳು 35 ಇದೆ, ದೊಡ್ಡ ಕಫ್ ಇದೆಯಾ?” ಅಂತ ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಾಲು ಕೆಳಗೆ ಊರಿ, ಬೆನ್ನು ಒರಗಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ಕೂರಿ. ಸರಿಯಾದ ಪಟ್ಟಿಯಲ್ಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅದು ನಿಜವಾದ ಲೆಕ್ಕ, ಡಾಕ್ಟರು ಮುಂದಿನ ದಾರಿ ಹೇಳುತ್ತಾರೆ. ಈಗ ಸಿಕ್ಕ ಅಂಕಿಯ ಜೊತೆಗೇ ಏಳೆಂಟನೇ ತಿಂಗಳಿನ ಬಿಪಿಯನ್ನು ಹೋಲಿಸುತ್ತಾರೆ. ಅದಕ್ಕೇ ಮೊದಲ ಅಂಕಿ ಸರಿ ಇರಬೇಕು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಜೊತೆಗೆ ಮೂತ್ರ ಪರೀಕ್ಷೆ ಎಲ್ಲರಿಗೂ ಸಾಮಾನ್ಯ. ಗೊರಕೆ ಜೋರಾಗಿದ್ದು ಬೆಳಿಗ್ಗೆ ಎದ್ದಾಗಲೂ ಸುಸ್ತು ಇದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಬಿಪಿ ಏರುತ್ತದೆ. ಹಿಂದೆ ಬೊಜ್ಜಿನ ಆಪರೇಷನ್ ಆಗಿದ್ದರೆ ಮೊದಲೇ ತಿಳಿಸಿ.

ಹೆಜ್ಜೆ 5: ಸಕ್ಕರೆ ಪರೀಕ್ಷೆ ಈಗಲೇ ಮಾಡಿಸಿ

ಬಸಿರಿನ ಸಕ್ಕರೆ ಆರನೇ ತಿಂಗಳಲ್ಲಿ ಬರುವುದು ಅಂತ ಕಾಯುವವರಿದ್ದಾರೆ. ನಮ್ಮ ದೇಶದ ನಿಯಮ ಬೇರೆ. ಮೊದಲ ಭೇಟಿಯಲ್ಲೇ ಒಂದು ಸಲ, ಅದು ಸರಿ ಇದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಂದು ಸಲ. ತೂಕ ಜಾಸ್ತಿ ಇರುವವರಲ್ಲಿ ಕೆಲವರಿಗೆ ಬಸಿರಿಗೆ ಮುಂಚೆಯೇ ಸಕ್ಕರೆ ಏರಿರುತ್ತದೆ, ಗೊತ್ತಿರುವುದಿಲ್ಲ. ಅದು ಗೊತ್ತಾಗಬೇಕಾದ್ದು ಈಗ.

75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕಲಸಿ ಕೊಡುತ್ತಾರೆ. ಐದರಿಂದ ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಎಂದು ಲೆಕ್ಕ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತಿಲ್ಲ. ಕುಡಿದ ಅರ್ಧ ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ದಿನ ಮಾಡಿಸಬೇಕು, ಅದಕ್ಕೇ ವಾಕರಿಕೆ ಕಡಿಮೆ ಇರುವ ಹೊತ್ತು ಆರಿಸಿಕೊಳ್ಳಿ. ಕೆಲವು ಆಸ್ಪತ್ರೆಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ನೋಡುತ್ತಾರೆ.

ಸಕ್ಕರೆ ಇದೆ ಅಂತ ಬಂದರೆ? ಬಹಳ ಜನರಿಗೆ ಊಟ ಬದಲಿಸಿ, ನಡೆದರೆ ಹತೋಟಿಗೆ ಬರುತ್ತದೆ. ಬಾರದಿದ್ದರೆ ಮಾತ್ರೆ ಅಥವಾ ಇನ್ಸುಲಿನ್. ಇನ್ಸುಲಿನ್ ಮಗುವಿಗೆ ತಲುಪುವುದಿಲ್ಲ. ಅದನ್ನು ಹಾಕಿಸಿಕೊಳ್ಳಬೇಕಾಯಿತು ಅಂದರೆ ನೀವು ಸೋತಿರಿ ಎಂದಲ್ಲ.

ಹೆಜ್ಜೆ 6: ಸ್ಕ್ಯಾನ್‌ನಲ್ಲಿ ಕಾಣಲಿಲ್ಲ ಅಂದಾಗ

ಈ ಮೂರು ತಿಂಗಳಲ್ಲಿ ಅತಿ ಹೆಚ್ಚು ಕಣ್ಣೀರು ಬರುವುದು ಸ್ಕ್ಯಾನ್ ಕೋಣೆಯಲ್ಲಿ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಸ್ಕ್ಯಾನ್ ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ. ಹೊಟ್ಟೆಯ ಮೇಲೆ ಯಂತ್ರ ಇಟ್ಟು ನೋಡಿದಾಗ ಕೊಬ್ಬಿನ ಪದರ ದಪ್ಪ ಇದ್ದರೆ ಚಿತ್ರ ಮಸುಕಾಗುತ್ತದೆ. ಮಗುವಿಗೆ ತೊಂದರೆ ಇದೆ ಅಂತ ಇದರ ಅರ್ಥವಲ್ಲ, ಶಬ್ದದ ಅಲೆ ಅಷ್ಟು ದೂರ ಹೋಗಿ ಬರಬೇಕು, ಅಷ್ಟೇ. ಆಗ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕಾಗುತ್ತದೆ, ಟಿವಿಎಸ್ ಅನ್ನುತ್ತಾರೆ. ಇದರಿಂದ ಗರ್ಭಪಾತ ಆಗುತ್ತದೆ ಅನ್ನುವುದು ಸುಳ್ಳು. ಮೂತ್ರ ಮಾಡಿ ಬರಲು ಹೇಳುತ್ತಾರೆ. ಬೆರಳಿಗಿಂತ ಸ್ವಲ್ಪ ದಪ್ಪದ ಉಪಕರಣಕ್ಕೆ ಹೊಸ ಕವಚ ಹಾಕಿ, ಜೆಲ್ ಹಚ್ಚಿ ಒಳಗೆ ಇಡುತ್ತಾರೆ. ಇರುಸುಮುರುಸು ಆಗುತ್ತದೆ, ನೋವು ಆಗಬಾರದು. ನೋವಾದರೆ ನಿಲ್ಲಿಸಿ ಅನ್ನಿ. ಕೋಣೆಯಲ್ಲಿ ಹೆಂಗಸೊಬ್ಬರು ಇರಬೇಕು ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಕಾರಣವೂ ಇದೆ. ತೂಕ ಜಾಸ್ತಿ ಇರುವವರಲ್ಲಿ, ಅದರಲ್ಲೂ ಪಿಸಿಒಎಸ್ ಇದ್ದವರಲ್ಲಿ ಮುಟ್ಟು ನಲವತ್ತು, ಐವತ್ತು ದಿನಕ್ಕೊಮ್ಮೆ ಬರುವುದುಂಟು. ವಾರದ ಲೆಕ್ಕವನ್ನು ಮುಟ್ಟಿನ ದಿನದಿಂದ ಹಾಕುತ್ತಾರೆ. ಅದು 28 ದಿನದ ಮುಟ್ಟಿಗೆ ಮಾಡಿದ ಲೆಕ್ಕ. ಹಾಗಾಗಿ ಲೆಕ್ಕದಲ್ಲಿ ಎಂಟು ವಾರ ಅಂತ ಇದ್ದರೂ ನಿಜವಾಗಿ ಐದೂವರೆ ವಾರ ಇರಬಹುದು. ಆಗ ಗರ್ಭದ ಚೀಲ ಮಾತ್ರ ಕಾಣುತ್ತದೆ, ಹೃದಯದ ಬಡಿತ ಕಾಣುವುದಿಲ್ಲ. “ಬೆಳವಣಿಗೆ ಇಲ್ಲ, ತೆಗೆಸಿಬಿಡಿ” ಎಂದು ಒಂದೇ ಸ್ಕ್ಯಾನ್ ನೋಡಿ ಯಾರಾದರೂ ಹೇಳಿದರೆ ಆತುರ ಪಡಬೇಡಿ. ಭ್ರೂಣದ ಉದ್ದ 7 ಮಿಲಿಮೀಟರ್‌ಗಿಂತ ಕಡಿಮೆ ಇದ್ದಾಗ ಬಡಿತ ಕಾಣದಿದ್ದರೆ ಕನಿಷ್ಠ ಒಂದು ವಾರ ಬಿಟ್ಟು ಟಿವಿಎಸ್‌ನಲ್ಲಿ ಮತ್ತೆ ನೋಡಬೇಕು. “ಉದ್ದ ಎಷ್ಟು ಮಿಲಿಮೀಟರ್ ಇದೆ? ಮತ್ತೆ ಯಾವಾಗ ನೋಡುತ್ತೀರಿ?” ಎಂದು ಕೇಳಿ. ನನ್ನ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ ಎಂದು ಮೊದಲೇ ಹೇಳಿ. ವಿಪರೀತ ನೋವು, ಜೋರು ರಕ್ತಸ್ರಾವ ಇದ್ದರೆ ಮಾತ್ರ ಈ ಕಾಯುವ ಮಾತು ಅನ್ವಯಿಸುವುದಿಲ್ಲ.

11 ವಾರದಿಂದ 13 ವಾರ 6 ದಿನದ ನಡುವೆ ಎನ್‌ಟಿ ಸ್ಕ್ಯಾನ್ ಮತ್ತು ಅದರ ಜೊತೆ ರಕ್ತ ಪರೀಕ್ಷೆ ಇರುತ್ತದೆ, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ಇರುವ ಸಾಧ್ಯತೆ ಎಷ್ಟು ಅಂತ ನೋಡಲು. ಲ್ಯಾಬಿನ ಫಾರಂನಲ್ಲಿ ನಿಮ್ಮ ಈಗಿನ ಸರಿಯಾದ ತೂಕ ಬರೆಸಿ, ಕಡಿಮೆ ಹೇಳಬೇಡಿ. ಆ ಪರೀಕ್ಷೆಯ ಲೆಕ್ಕದೊಳಗೇ ತೂಕ ಸೇರಿರುತ್ತದೆ. ಹಣ ಕೊಟ್ಟು ಇದಕ್ಕೇ ಎನ್‌ಐಪಿಟಿ ಅನ್ನುವ ಹೊಸ ರಕ್ತ ಪರೀಕ್ಷೆ ಮಾಡಿಸುವವರಿಗೆ ಕೆಲವೊಮ್ಮೆ ‘ಫಲಿತಾಂಶ ಸಿಗಲಿಲ್ಲ’ ಎಂದು ಬರುತ್ತದೆ. ತೂಕ ಜಾಸ್ತಿ ಇದ್ದಾಗ ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಪಾಲು ಕಡಿಮೆ ಇರುವುದು ಇದಕ್ಕೆ ಒಂದು ಸಾಮಾನ್ಯ ಕಾರಣ. ಮುಂದೇನು ಅಂತ ಡಾಕ್ಟರ ಜೊತೆ ಕೂತು ಮಾತಾಡಿ, ಆ ಚೀಟಿ ನೋಡಿಯೇ ಮಗುವಿಗೆ ಏನೋ ಆಗಿದೆ ಅಂದುಕೊಳ್ಳಬೇಡಿ.

ಹೆಜ್ಜೆ 7: ಊಟ, ಇಬ್ಬರಿಗಲ್ಲ, ಉಪವಾಸವೂ ಅಲ್ಲ

ಎರಡು ಕಡೆಯಿಂದ ಒತ್ತಡ ಬರುತ್ತದೆ. ಅಮ್ಮ, ಅತ್ತೆ “ಇಬ್ಬರ ಊಟ ಮಾಡಬೇಕು” ಎಂದು ತುಪ್ಪ ಸುರಿಯುತ್ತಾರೆ. ಇನ್ನೊಂದು ಕಡೆ ನಿಮ್ಮದೇ ಮನಸ್ಸು “ಒಂದು ಹೊತ್ತು ಬಿಟ್ಟರೆ ಒಳ್ಳೆಯದಲ್ವಾ?” ಅನ್ನುತ್ತದೆ. ಎರಡೂ ಬೇಡ. ಮೊದಲ ಮೂರು ತಿಂಗಳಲ್ಲಿ ಹೆಚ್ಚು ಊಟವೇ ಬೇಕಾಗುವುದಿಲ್ಲ. ಆಮೇಲೂ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲರಿ, ಅಂದರೆ ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಅಷ್ಟೇ. ಕೀಟೊ, ಒಂದೇ ಹೊತ್ತಿನ ಊಟ, ಜ್ಯೂಸ್ ಡಯಟ್ ಇವೆಲ್ಲ ಈಗ ಮಗುವಿಗೆ ಬೇಕಾದ್ದನ್ನು ಕಿತ್ತುಕೊಳ್ಳುತ್ತವೆ.

ಮನೆಯ ಅಡುಗೆಯನ್ನೇ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸಾಕು. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ ಇರಲಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ಹಳೆ ಮೈಸೂರಿನ ಕಡೆಯವರು ಮುದ್ದೆ ಒಂದು ತಿನ್ನಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕಿಕೊಳ್ಳಿ. ರಾಗಿ ಒಳ್ಳೆಯದು ನಿಜ, ಆದರೆ ಮೂರು ಮುದ್ದೆ ತಿಂದರೆ ಅದೂ ಸಕ್ಕರೆ ಏರಿಸುತ್ತದೆ. ಉತ್ತರ ಕರ್ನಾಟಕದವರಿಗೆ ಎರಡು ಜೋಳದ ರೊಟ್ಟಿ, ಜುಣಕ, ಹಸಿ ಸವತೆಕಾಯಿ, ಮೆಂತ್ಯ ಸೊಪ್ಪು ಇದ್ದರೆ ಅದಕ್ಕಿಂತ ಚೆನ್ನಾದ ಊಟ ಯಾವ ಡಯಟ್ ಚಾರ್ಟಿನಲ್ಲೂ ಸಿಗದು. ಕರಾವಳಿಯವರು ಬೂತಾಯಿ, ಬಂಗುಡೆ ಸಾರು ಧಾರಾಳವಾಗಿ ಮಾಡಿಕೊಳ್ಳಿ, ಕರಿಯುವುದು ಕಡಿಮೆ ಮಾಡಿ. ತಾಟೆ (ಶಾರ್ಕ್) ಮೀನು ಬೇಡ, ಅದರಲ್ಲಿ ಪಾದರಸ ಹೆಚ್ಚು.

ಕಡಿಮೆ ಮಾಡಬೇಕಾದ್ದರಲ್ಲಿ ಮೊದಲನೆಯದು ಕುಡಿಯುವ ಸಕ್ಕರೆ. ಹಣ್ಣಿನ ಜ್ಯೂಸ್, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಕಾಫಿ, ಗರ್ಭಿಣಿಯರಿಗೆ ಎಂದು ಮಾರುವ ಚಾಕೊಲೇಟ್ ರುಚಿಯ ಪುಡಿ. ಆ ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ಅಂತ ಓದಿ ಕೊಳ್ಳಿ. ಕಾಫಿ, ಟೀಯನ್ನು ಊಟದ ಜೊತೆ ಕುಡಿಯಬೇಡಿ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ.

ವಾಕರಿಕೆ ಇದ್ದಾಗ ಈ ತಟ್ಟೆಯ ಲೆಕ್ಕ ಎಲ್ಲ ಬಿಟ್ಟುಬಿಡಿ. ಏನು ಒಳಗೆ ನಿಲ್ಲುತ್ತದೋ ಅದನ್ನು ಸ್ವಲ್ಪ ಸ್ವಲ್ಪ ತಿನ್ನಿ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಒಂದು ಹಿಡಿ ಮಂಡಕ್ಕಿ ಅಥವಾ ಹುರಿಗಡಲೆ, ಆಮೇಲೆ ಶುಂಠಿ ಹಾಕಿದ ನೀರು ಮಜ್ಜಿಗೆ. ಈ ತಿಂಗಳುಗಳಲ್ಲಿ ಒಂದೆರಡು ಕೆಜಿ ಇಳಿದರೂ ಗಾಬರಿ ಬೇಡ. ಆದರೆ ಇಡೀ ದಿನ ನೀರೂ ನಿಲ್ಲದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಬರದಿದ್ದರೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು. “ತೂಕ ಹೇಗೂ ಜಾಸ್ತಿ ಇದೆ, ವಾಂತಿ ಆದರೆ ಒಳ್ಳೆಯದೇ” ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಒಟ್ಟು ಒಂಬತ್ತು ತಿಂಗಳಲ್ಲಿ ಎಷ್ಟು ಏರಬಹುದು? ಬಸಿರಿಗೆ ಮುಂಚೆ ಬಿಎಂಐ 25ರಿಂದ 29.9 ಇದ್ದವರಿಗೆ 7ರಿಂದ 11.5 ಕೆಜಿ, 30 ದಾಟಿದವರಿಗೆ 5ರಿಂದ 9 ಕೆಜಿ. ಇದು 2009ರಲ್ಲಿ ಅಮೆರಿಕದಲ್ಲಿ ಹಾಕಿಕೊಟ್ಟ ಅಳತೆ, ನಮ್ಮ ಡಾಕ್ಟರುಗಳೂ ಬಹಳ ಮಂದಿ ಇದನ್ನೇ ನೋಡುತ್ತಾರೆ. ಮೊದಲ ಮೂರು ತಿಂಗಳಿಗೆ ಅರ್ಧದಿಂದ ಎರಡು ಕೆಜಿ ಸಾಕು. ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ ನೋಡಿ. ದಿನಾ ನೋಡಿದರೆ ತಲೆ ಕೆಡುತ್ತದೆ.

ಹೆಜ್ಜೆ 8: ಮಲಗಿಬಿಡಬೇಡಿ, ನಡೆಯಿರಿ

ಡಾಕ್ಟರು ನಿರ್ದಿಷ್ಟ ಕಾರಣಕ್ಕೆ ಬೇಡ ಅಂದಿಲ್ಲವಾದರೆ ದಿನಕ್ಕೆ ಅರ್ಧ ಗಂಟೆ ನಡಿಗೆ ಒಳ್ಳೆಯದು. ಊಟ ಆದ ಮೇಲೆ ಹದಿನೈದು ನಿಮಿಷದಂತೆ ಎರಡು ಸಲ ಆದರೂ ಸರಿ. ಮಾತಾಡುತ್ತಾ ನಡೆಯಲು ಆಗಬೇಕು, ಏದುಸಿರು ಬರಬಾರದು. ಮೂರು ತಿಂಗಳು ಹಾಸಿಗೆಯಲ್ಲೇ ಇದ್ದರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ತೂಕ ಜಾಸ್ತಿ ಇದ್ದವರು ಹಾಗೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಗರ್ಭಪಾತದ ಭಯ

ತೂಕ ಜಾಸ್ತಿ ಇದ್ದವರಲ್ಲಿ ಗರ್ಭಪಾತದ ಸಾಧ್ಯತೆ ಸ್ವಲ್ಪ ಹೆಚ್ಚು. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಇದರ ಜೊತೆಗೆ ತಿಳಿಯಬೇಕಾದ್ದು ಇನ್ನೂ ಇದೆ. ಯಾವ ತೂಕದವರೇ ಆಗಲಿ, ಗೊತ್ತಾದ ಬಸಿರುಗಳಲ್ಲಿ ಹತ್ತಕ್ಕೆ ಒಂದೆರಡು ಮೊದಲ ತಿಂಗಳುಗಳಲ್ಲೇ ಹೋಗಿಬಿಡುತ್ತವೆ. ಅದರಲ್ಲಿ ಹೆಚ್ಚಿನವು ಭ್ರೂಣದ ಕ್ರೋಮೋಸೋಮ್‌ಗಳಲ್ಲಿ ಆದ ವ್ಯತ್ಯಾಸದಿಂದ. ಮೆಟ್ಟಿಲು ಹತ್ತಿದ್ದಕ್ಕೆ, ಬಸ್ಸಿನಲ್ಲಿ ಕೂತದ್ದಕ್ಕೆ, ಖಾರ ತಿಂದದ್ದಕ್ಕೆ, ಬಟ್ಟೆ ಒಗೆದದ್ದಕ್ಕೆ ಬಸಿರು ಹೋಗುವುದಿಲ್ಲ. ನಿಮಗೆ ಹಾಗೆ ಆದರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಮೈಯನ್ನು ತೋರಿಸಿ ತಪ್ಪು ಹೊರಿಸುವ ಹಕ್ಕು ಮನೆಯವರಿಗೂ ಇಲ್ಲ.

ಸ್ವಲ್ಪ ಕಲೆ ಕಂಡರೆ ಅದು ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ, ಆದರೂ ಡಾಕ್ಟರಿಗೆ ಫೋನ್ ಮಾಡಿ. ಕೆಳಗಿನ ಯಾವುದೇ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ:

- ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ
- ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವುದು; ಗರ್ಭ ನಾಳದಲ್ಲಿ ಕಟ್ಟಿದ್ದರೆ ಹೀಗಾಗುತ್ತದೆ
- ಒಂದೇ ಕಾಲು ಊದಿ, ಮೀನಖಂಡ ನೋಯುವುದು. ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟ, ಎದೆನೋವು
- ರಕ್ತಸ್ರಾವದ ಜೊತೆ ಜ್ವರ

ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ರಕ್ತಸ್ರಾವ ಆದಾಗ ಅದನ್ನು ಮೊದಲೇ ಹೇಳಿ. ನಿಮ್ಮ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಚುಚ್ಚುವ ಮಾತುಗಳಿಗೆ

“ಹೊಟ್ಟೆ ಬಂದಿರೋದು ಬಸಿರಿಗೋ ದಪ್ಪಕ್ಕೋ?” ಎಂದು ಮದುವೆ ಮನೆಯಲ್ಲಿ ಕೇಳುವವರು ಇದ್ದಾರೆ. ಅವರಿಗೆ ಉತ್ತರ ಕೊಡಬೇಕಾಗಿಲ್ಲ. ಡಾಕ್ಟರ ಮಾತು ಬೇರೆ, ಅವರ ಹತ್ತಿರ ಮತ್ತೆ ಹೋಗಬೇಕು. ಬರೀ ತೂಕದ ಬಗ್ಗೆ ಬೈದು ಕಳಿಸಿದರೆ ಹೀಗೆ ಹೇಳಬಹುದು: “ಡಾಕ್ಟ್ರೇ, ತೂಕ ಜಾಸ್ತಿ ಅಂತ ನನಗೆ ಗೊತ್ತಿದೆ. ಈಗ ಇಳಿಸಲು ಆಗುವುದಿಲ್ಲ ಅಲ್ವಾ? ಈ ತೂಕಕ್ಕೆ ನನಗೆ ಯಾವ ಪರೀಕ್ಷೆ, ಯಾವ ಮಾತ್ರೆ ಬೇಕು ಅಂತ ಹೇಳಿ.” ಬೈಗುಳದಿಂದ ಮಾತು ಚಿಕಿತ್ಸೆಯ ಕಡೆ ತಿರುಗುತ್ತದೆ. ಹೀಗೆ ಕೇಳಿದ ಮೇಲೂ ಅವಮಾನ ಮಾಡಿದರೆ ಡಾಕ್ಟರನ್ನು ಬದಲಿಸಿ. ಅವಮಾನಕ್ಕೆ ಹೆದರಿ ಚೆಕಪ್‌ ತಪ್ಪಿಸಿಕೊಳ್ಳುವುದು ಮಾತ್ರ ಬೇಡ. ಗಂಡನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ.

ನಿದ್ದೆ ಬಾರದೆ, ಅಳು ನಿಲ್ಲದೆ, ಎರಡು ವಾರ ಹಾಗೇ ಹೋದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಸಹಾಯವಾಣಿ, ದಿನದ 24 ಗಂಟೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 9: ಹನ್ನೆರಡನೇ ವಾರದ ಭೇಟಿಗೆ

ಈ ಭೇಟಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: “ನನಗೆ ಆಸ್ಪಿರಿನ್ ಬೇಕಾ?” ಐದನೇ ತಿಂಗಳ ಮೇಲೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆಯನ್ನು ತಡೆಯಲು ಕಡಿಮೆ ಅಳತೆಯ ಆಸ್ಪಿರಿನ್ ಕೊಡುತ್ತಾರೆ. 12ನೇ ವಾರದಿಂದ, 16 ವಾರದೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ತೂಕ ಜಾಸ್ತಿ ಇರುವುದರ ಜೊತೆಗೆ ಇದು ಮೊದಲ ಬಸಿರು ಆಗಿದ್ದರೆ, ತಾಯಿಗೋ ಅಕ್ಕನಿಗೋ ಬಸಿರಿನಲ್ಲಿ ಬಿಪಿ ಬಂದಿದ್ದರೆ, ವಯಸ್ಸು 35–40ರ ಆಸುಪಾಸು ಇದ್ದರೆ, ಹಿಂದಿನ ಮಗುವಾಗಿ ಹತ್ತು ವರ್ಷ ಕಳೆದಿದ್ದರೆ ಡಾಕ್ಟರು ಇದನ್ನು ಯೋಚಿಸುತ್ತಾರೆ. ಎಲ್ಲರಿಗೂ ಬೇಕಿಲ್ಲ, ನೀವಾಗಿಯೇ ತಗೊಳ್ಳಬೇಡಿ. ಆದರೆ ಕೇಳದೆ ಇದ್ದರೆ ಆ ನಾಲ್ಕು ವಾರ ಸುಮ್ನೆ ಕಳೆದುಹೋಗುತ್ತದೆ.

ಹೆರಿಗೆ ಎಲ್ಲಿ ಅನ್ನುವ ಮಾತನ್ನೂ ಈಗಲೇ ತೆಗೆಯಿರಿ. ಸಿಸೇರಿಯನ್ ಸಾಧ್ಯತೆ ಹೆಚ್ಚು, ಆದರೂ ಸಹಜ ಹೆರಿಗೆ ಆಗುವವರು ಬಹಳ ಮಂದಿ. ಅರಿವಳಿಕೆ ತಜ್ಞರು, ರಕ್ತ, ಮಕ್ಕಳ ಡಾಕ್ಟರು ಹಗಲು ರಾತ್ರಿ ಸಿಗುವ ಆಸ್ಪತ್ರೆ ಆರಿಸಿ. ತವರಿನಲ್ಲಿ ಹೆರಿಗೆ ಮಾಡಿಸುವ ಯೋಚನೆ ಇದ್ದರೆ ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಇವೆಲ್ಲ ಇವೆಯೇ ಎಂದು ಈಗಲೇ ವಿಚಾರಿಸಿ.

ಕಬ್ಬಿಣದ ಮಾತ್ರೆ ಶುರುವಾಗುವುದು ನಾಲ್ಕನೇ ತಿಂಗಳಿನಿಂದ, ದಿನಕ್ಕೊಂದರಂತೆ 180 ದಿನ. ಮನೆಗೆ ಬಂದ ಮೇಲೆ ಕ್ಯಾಲೆಂಡರ್‌ನಲ್ಲಿ ಎರಡು ದಿನ ಗುರುತು ಹಾಕಿ: 18ರಿಂದ 20 ವಾರದ ನಡುವೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್, 24ನೇ ವಾರಕ್ಕೆ ಎರಡನೇ ಸಕ್ಕರೆ ಪರೀಕ್ಷೆ. ಆ ಸ್ಕ್ಯಾನ್‌ನಲ್ಲಿ ಕೆಲವು ಭಾಗ ಸರಿಯಾಗಿ ಕಾಣದೆ ಒಂದೆರಡು ವಾರ ಬಿಟ್ಟು ಮತ್ತೆ ಬನ್ನಿ ಎನ್ನಬಹುದು, ಆ ದಿನಕ್ಕೂ ರಜೆ ಇಟ್ಟುಕೊಳ್ಳಿ.